ಮನ್ಯಾಮರ್ಮದ ಸ್ಥಾನವಿಚಾರ

ಸಂಸ್ಕೃತ ಪಾಠಶಾಲೆಗಳಲ್ಲಿ ಓದಿದವರೆಲ್ಲರೂ ಬಾಲ್ಯದಲ್ಲಿಯೇ ಅಮರಕೋಶವನ್ನು ಕಂಠಸ್ಥಮಾಡಿದವರು. ಆ ವಯಸ್ಸಿನಲ್ಲಿ ನಾಲಗೆಯ ಮೇಲೆ ನಿಂತ ಅರ್ಥವು ಮುಂದೆ ಎಷ್ಟು ಗ್ರಂಥಗಳನ್ನು ನೋಡಿದರೂ ಸುಲಭವಾಗಿ ಕದಲುವುದಿಲ್ಲ. ಪ್ರಕೃತ ಲೇಖನದಲ್ಲಿ ವಿಚಾರಿಸತಕ್ಕ ‘ಮನ್ಯಾ’ ಶಬ್ದವು ಅಂಥವುಗಳಲ್ಲಿ ಒಂದು. ಅಮರಸಿಂಹನು ಮನುಷ್ಯವರ್ಗದಲ್ಲಿ ಶರೀರಾವಯವಗಳನ್ನು ಹೇಳುತ್ತ, ಗ್ರೀವೆಯ ಹಿಂಭಾಗದಲ್ಲಿರುವ ಸಿರೆಗೆ ಮನ್ಯಾ ಎಂಬ ಹೆಸರನ್ನು ಕೊಟ್ಟಿರುವನು. ಈ ಅರ್ಥವನ್ನು ಹಿಡಿದುಕೊಂಡು ಸುಶ್ರುತಸಂಹಿತೆಯ ಶಾರೀರಸ್ಥಾನವನ್ನು ಓದತೊಡಗಿದರೆ, ಅಲ್ಲಿ ಮನ್ಯೆಯು ಹಿಂದೆ ಇರದೆ ಕಂಠನಾಡಿಯ ಇಕ್ಕೆಲದಲ್ಲಿ, ಅಂದರೆ ಕೊರಳ ಮುಂಭಾಗದ ಪಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ. ಕೋಶಕಾರನು ತಪ್ಪಿದನೆ, ವೈದ್ಯನು ತಪ್ಪಿದನೆ, ಅಥವಾ ಓದುವ ನಾವೇ ತಪ್ಪಿದೆವೆ?

ಇದು ಬರಿಯ ಶಬ್ದಜಿಜ್ಞಾಸೆಯಾಗಿದ್ದರೆ ವಾಚಕರ ಕಾಲವನ್ನು ನಾನು ಇಷ್ಟು ತೆಗೆದುಕೊಳ್ಳುತ್ತಿರಲಿಲ್ಲ. ಈ ಶಬ್ದಕ್ಕೆ ನಾನು ಬರೆಯಿಸಿಕೊಟ್ಟ ಕನ್ನಡ ಅರ್ಥವೊಂದು ನಮ್ಮೂರಿನ ಹಿರಿಯರೊಬ್ಬರನ್ನು ಅಪಾಯಕ್ಕೆ ಗುರಿಮಾಡಿತು. ಆ ಸಂಗತಿಯನ್ನು ಮೊದಲೇ ಹೇಳಿಬಿಡುವುದು ಲೇಸು.

ಯಲ್ಲಾಪುರ ತಾಲೂಕಿನ ನಮ್ಮ ಮಂಚಿಕೇರಿಯ ಸುತ್ತಿನ ಅಡಕೆ ತೋಟಗಳಲ್ಲಿ ಕೊನೆಕೊಯ್ಲು ನಡೆಯುವಾಗ, ಮರದ ತುದಿಯಲ್ಲಿರುವ ಕೊನೆಗೌಡನು ಕೊನೆಯನ್ನು ಕೊಯ್ದು ಹಗ್ಗದಲ್ಲಿ ಜಾರಬಿಡುವನು; ಕೆಳಗೆ ನಿಂತವನು ಅದನ್ನು ಹಿಡಿದುಕೊಳ್ಳುವನು. ಮೇಲಿದ್ದವನ ಕಷ್ಟವು ಎಲ್ಲರಿಗೂ ಕಾಣುವುದು. ಕೆಳಗಿದ್ದವನು ದಿನವಿಡೀ ತಲೆಯನ್ನು ಹಿಂದಕ್ಕೆ ಚೆಲ್ಲಿ ಮುಗಿಲು ನೋಡುತ್ತ ನಿಲ್ಲಬೇಕೆಂಬುದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಆಳು ದೊರೆಯದ ಒಂದು ವರ್ಷ ನೆರೆಯ ಹಿರಿಯರು ತಾವೇ ಹೀಗೆ ಎರಡು ದಿನ ನಿಂತರು. ಮೂರನೆಯ ದಿನ ಕುತ್ತಿಗೆ ಹಿಡಿದುಕೊಂಡಿತು. ಮೋರೆಯನ್ನು ಯಾವ ಕಡೆಗೂ ತಿರುಗಿಸಲಾರದೆ ಜಗಲಿಯಲ್ಲಿ ಕುಳಿತರು. ನನ್ನಲ್ಲಿ ಪಾಠ ಹೇಳಿಸಿಕೊಂಡಿದ್ದ ಅವರ ಮೊಮ್ಮಗನು ನನ್ನ ಟಿಪ್ಪಣಿಯ ಪುಸ್ತಕವನ್ನು ತೆರೆದು ನೋಡಿದನು. ಅಲ್ಲಿ ‘ಮನ್ಯಾಸ್ತಂಭ’ವೆಂದರೆ ಕುತ್ತಿಗೆ ಸೆಟೆದುಕೊಳ್ಳುವ ವಾತರೋಗವೆಂದೂ, ‘ಮನ್ಯಾ’ ಎಂದರೆ ಕುತ್ತಿಗೆಯ ನರವೆಂದೂ ನಾನೇ ಬರೆಯಿಸಿದ್ದೆನು. ಅದರ ಕೆಳಗೆ, ಬೇರೊಂದು ದಿನದ ಪಾಠದಲ್ಲಿ, ಮನ್ಯೆಗಳು ಗಂಟಲಿನ ಎರಡು ಪಕ್ಕದಲ್ಲಿರುವುವೆಂದು ಸುಶ್ರುತನ ಮತವನ್ನೂ ಬರೆಯಿಸಿದ್ದೆನು. ಹುಡುಗನು ಎರಡನ್ನೂ ಕೂಡಿಸಿದನು; ಅಜ್ಜನ ಗಂಟಲಿನ ಎರಡು ಪಕ್ಕಕ್ಕೂ ಎಣ್ಣೆ ಸವರಿ, ಒಂದು ಕಡೆ ಹೆಬ್ಬೆರಳನ್ನೂ ಮತ್ತೊಂದು ಕಡೆ ಉಳಿದ ಬೆರಳುಗಳನ್ನೂ ಇಟ್ಟು, ದವಡೆಯ ಕೆಳಗೆ ಒತ್ತಿ ತಿಕ್ಕಿದನು. ಕೆಲವು ಕ್ಷಣಗಳಲ್ಲಿ ಹಿರಿಯರು ಮಾತಿಲ್ಲದೆ ಪಕ್ಕಕ್ಕೆ ವಾಲಿದರು. ಗಾಬರಿಯಾಗಿ ಕೈಬಿಟ್ಟು ಮಲಗಿಸಿದ ಮೇಲೆ ಬೇಗನೆ ಕಣ್ಣು ತೆರೆದರು. ಅವರನ್ನು ನೋಡಿದ ವೈದ್ಯರು ಕೇಳಿದ ಮೊದಲನೆಯ ಪ್ರಶ್ನೆಯು, ಅಲ್ಲಿ ತಿಕ್ಕಬೇಕೆಂದು ಹೇಳಿದವರು ಯಾರು ಎಂಬುದು. ಹುಡುಗನು ನನ್ನ ಹೆಸರನ್ನು ಹೇಳಲಿಲ್ಲ. ನಾನು ಪಕ್ಕದಲ್ಲಿಯೇ ನಿಂತಿದ್ದೆನು.

ಹುಡುಗನ ತರ್ಕದಲ್ಲಿ ದೋಷವಿರಲಿಲ್ಲ. ದೋಷವು ನಾನು ಕೊಟ್ಟ ಅರ್ಥದಲ್ಲಿತ್ತು. ಅದನ್ನು ತೋರಿಸುವುದಕ್ಕೆ ಕೊರಳ ಪಕ್ಕದ ರಚನೆಯನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು.

ಮೊದಲು ನಮ್ಮ ನುಡಿಯನ್ನೇ ವಿಚಾರಿಸೋಣ. ತಲೆಗೂ ಮುಂಡಕ್ಕೂ ನಡುವಣ ಈ ಗೇಣುದ್ದದ ಭಾಗಕ್ಕೆ ಕನ್ನಡದಲ್ಲಿ ಕೊರಳು, ಗಂಟಲು, ಕುತ್ತಿಗೆ, ಕತ್ತು, ಗೋಣು, ಹೆಡಕು ಎಂದು ಎಷ್ಟು ಹೆಸರುಗಳಿವೆ! ಇವುಗಳನ್ನು ಪರ್ಯಾಯಪದಗಳೆಂದು ನಾವು ಶಾಲೆಗಳಲ್ಲಿ ಬರೆಯಿಸುತ್ತೇವೆ. ಆದರೆ ಆಡುವ ಜನರು ಹಾಗೆ ಎಣಿಸಿಲ್ಲ. ಮೀನಿನ ಮುಳ್ಳು ಸಿಕ್ಕಿಕೊಳ್ಳುವುದು ಗಂಟಲಲ್ಲಿ. ಶೀತವಾದರೆ ಕಟ್ಟುವುದೂ ಗಂಟಲೇ. ಮಾಲೆಯನ್ನು ಹಾಕುವುದು ಕೊರಳಿಗೆ; ಹಾಡುವವನು ಎತ್ತುವುದೂ ಕೊರಳನ್ನೇ. ಉಳುಕುವುದು ಕುತ್ತಿಗೆ ಅಥವಾ ಕತ್ತು. ಒಪ್ಪಿದೆನೆಂದು ಆಡಿಸುವುದು ಗೋಣು. ಹಿಂದಿನಿಂದ ಏಟು ಬೀಳುವುದು ಹೆಡಕಿಗೆ. ಗಂಟಲು ಒಳಗಣ ದಾರಿ, ಕೊರಳು ಮುಂಭಾಗ ಮತ್ತು ಅಲ್ಲಿಂದ ಹೊರಡುವ ದನಿ, ಕುತ್ತಿಗೆ ಒಟ್ಟು ಕಂಬ, ಹೆಡಕು ಅದರ ಬೆನ್ನು ಎಂದು ಹೇಳಿದರೆ ತಪ್ಪಾಗಲಾರದು. ಎಲ್ಲೆಯು ಗೆರೆ ಎಳೆದಂತಿಲ್ಲ. ಕುತ್ತಿಗೆಗೆ ಸರ ಹಾಕಿಕೊಂಡಳು ಎಂದವರನ್ನು ಯಾರೂ ತಿದ್ದುವುದಿಲ್ಲ. ಆದರೆ ಕುತ್ತಿಗೆಯಲ್ಲಿ ಮುಳ್ಳು ಸಿಕ್ಕಿತು ಎಂದರೆ ಕೇಳಿದವರು ಚರ್ಮವನ್ನು ನೋಡುವರು, ಬಾಯನ್ನು ತೆರೆಯಿಸುವುದಿಲ್ಲ.

ಅಮರನಲ್ಲಿಯೂ ಇಂಥದೇ ವಿಭಾಗವಿದೆ. ಕಂಠ, ಗಲ ಎಂಬಿವು ಒಂದು ಗುಂಪು. ಗ್ರೀವಾ, ಶಿರೋಧಿ, ಕಂಧರಾ ಎಂಬಿವು ಇನ್ನೊಂದು. ಅವಟು, ಘಾಟಾ, ಕೃಕಾಟಿಕಾ ಎಂಬಿವು ಮೂರನೆಯದು. ಮೊದಲನೆಯದು ನಮ್ಮ ಗಂಟಲಿಗೂ ಎರಡನೆಯದು ಕುತ್ತಿಗೆಗೂ ಮೂರನೆಯದು ಹೆಡಕಿಗೂ ಸರಿಹೋಗುತ್ತವೆ. ಮೂರು ರೇಖೆಗಳಿರುವ ಗ್ರೀವೆಗೆ ಕಂಬುಗ್ರೀವಾ ಎಂದು ಅವನು ಪ್ರತ್ಯೇಕ ಹೆಸರನ್ನು ಕೊಡುವನು. ಕಾವ್ಯಪಾಠದಲ್ಲಿ ಇದನ್ನು ಶಂಖದಂಥ ಕೊರಳೆಂದು ಹೇಳಿ ಮುಂದಕ್ಕೆ ಸಾಗುವುದು ರೂಢಿ. ಆ ರೇಖೆಗಳು ಕೊರಳ ಚರ್ಮದಲ್ಲಿ ಅಡ್ಡಲಾಗಿ ಬೀಳುವ ನೈಜವಾದ ಮಡಿಕೆಗಳು. ಈಗಿನ ಶಸ್ತ್ರವೈದ್ಯರು ಕೊರಳ ಮುಂಭಾಗದ ಥೈರಾಯ್ಡ್ ಗ್ರಂಥಿಯನ್ನು ತೆಗೆಯಬೇಕಾದಾಗ ಸಾಧ್ಯವಾದಷ್ಟು ಇಂಥದೊಂದು ಮಡಿಕೆಯಲ್ಲಿಯೇ ಕೊಯ್ಯುತ್ತಾರೆ. ಮಾಯ್ದ ಮೇಲೆ ಗಾಯದ ಗುರುತು ರೇಖೆಯೊಳಗೆ ಅಡಗಿಕೊಳ್ಳುತ್ತದೆ. ಕವಿಸಮಯವೆಂದು ನಾವು ತಳ್ಳಿಬಿಟ್ಟದ್ದು ಶಸ್ತ್ರಕ್ಕೆ ದಾರಿಯಾಯಿತು.

ಇನ್ನು ಶಾರೀರ. ವಾಚಕರು ತಮ್ಮ ಮೋರೆಯನ್ನು ಎಡಕ್ಕೆ ತಿರುಗಿಸಿ ಬಲಗೊರಳನ್ನು ಮುಟ್ಟಿ ನೋಡಲಿ. ಕಿವಿಯ ಹಿಂದಣ ಎಲುಬಿನ ಗುಬುಟಿನಿಂದ ಎದೆಯ ಎಲುಬಿನ ತಲೆಯವರೆಗೆ ಓರೆಯಾಗಿ ಇಳಿಯುವ ಹುರಿಯಂಥ ಮಾಂಸಪೇಶಿಯೊಂದು ಸಿಕ್ಕುತ್ತದೆ. ಅದರ ಇನ್ನೊಂದು ಬೇರು ಕೊರಳೆಲುಬಿಗೆ ಅಂಟಿಕೊಂಡಿದೆ. ಬಲಗಡೆಯದು ಬಿಗಿದರೆ ಮೋರೆ ಎಡಕ್ಕೂ ಎಡಗಡೆಯದು ಬಿಗಿದರೆ ಬಲಕ್ಕೂ ತಿರುಗುವುದು. ಈಗಿನ ಶಾರೀರಶಾಸ್ತ್ರವು ಈ ಹುರಿಯನ್ನೇ ಗಡಿಯಾಗಿಟ್ಟುಕೊಂಡು ಕೊರಳ ಪಾರ್ಶ್ವವನ್ನು ಮುಂದಣ ತ್ರಿಕೋಣ, ಹಿಂದಣ ತ್ರಿಕೋಣ ಎಂದು ಎರಡು ಮಾಡಿದೆ.

ಹಿಂದಣ ತ್ರಿಕೋಣದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ತಲೆಯನ್ನು ಎತ್ತಿ ಹಿಡಿಯುವ ಪೇಶಿಗಳು ಅದರ ನೆಲವಾಗಿವೆ. ತೋಳಿಗೆ ಹೋಗುವ ನರಗಳ ಗೊಂಚಲು ಅದರ ತಳದಲ್ಲಿ ಹಾಯುತ್ತದೆ. ಹುರಿಯ ಉದ್ದಕ್ಕೂ ಅದರ ಹಿಂದೆಯೂ ಸಣ್ಣ ಗ್ರಂಥಿಗಳು ಸಾಲಾಗಿ ಕುಳಿತಿವೆ. ಕ್ಷಯವು ತಗಲಿ ಇವು ಒಂದರ ಹಿಂದೊಂದು ಊದಿಕೊಂಡರೆ ಮಣಿಗಳನ್ನು ಪೋಣಿಸಿದಂತೆ ಕಾಣುವುದರಿಂದ, ಗಂಡಮಾಲೆಯೆಂಬ ಹಳೆಯ ಹೆಸರು ಎಷ್ಟು ಪ್ರತ್ಯಕ್ಷವೆಂಬುದು ತಾನಾಗಿಯೇ ತಿಳಿಯುತ್ತದೆ.

ಮುಂದಣ ತ್ರಿಕೋಣದಲ್ಲಿಯೇ ನಮ್ಮ ವಿಷಯವಿದೆ. ಗಂಡಸರ ಕೊರಳಲ್ಲಿ ಉಬ್ಬಿ ಕಾಣುವ ಗಂಟಿನ ಮೇಲಂಚಿನ ಮಟ್ಟಕ್ಕೆ ಬೆರಳನ್ನಿಟ್ಟು, ಹುರಿಯ ಕಡೆಗೆ ಮೆಲ್ಲನೆ ಸರಿಸಿದರೆ ಬಡಿಯುವ ನಾಡಿಯು ಸಿಕ್ಕುತ್ತದೆ. ಒಂದು ಕಡೆ ಮಾತ್ರ, ಹಗುರವಾಗಿ ಮುಟ್ಟಬೇಕು. ಎದೆಯಿಂದ ತಲೆಗೆ ಶುದ್ಧರಕ್ತವನ್ನು ಒಯ್ಯುವ ದೊಡ್ಡ ಅಪಧಮನಿಯು ಇದು. ಗಂಟಿನ ಮೇಲಂಚಿನ ಬಳಿಯೇ ಇದು ಎರಡಾಗಿ ಒಡೆದು, ಒಂದು ಕವಲು ಮೋರೆಯ ಕಡೆಗೂ ಇನ್ನೊಂದು ಮಿದುಳಿಗೂ ಹೋಗುತ್ತದೆ. ಮಿದುಳಿಗೆ ಹೋಗುವ ಕವಲು ಕೊರಳಲ್ಲಿ ಒಂದು ಶಾಖೆಯನ್ನೂ ಬಿಡುವುದಿಲ್ಲ. ಅಪಧಮನಿಯ ಹೊರಮಗ್ಗುಲಲ್ಲಿ ತಲೆಯಿಂದ ರಕ್ತವನ್ನು ಹಿಂದಕ್ಕೆ ತರುವ ದಪ್ಪ ಅಭಿಧಮನಿಯೂ, ಎರಡರ ನಡುವೆ ಹಿಂದುಗಡೆ ವೇಗಸ್ ಎಂಬ ಉದ್ದನೆಯ ನರವೂ ಇವೆ. ಮೂರೂ ಒಂದೇ ಒರೆಯಲ್ಲಿ ಸುತ್ತಿಕೊಂಡಿವೆ.

ಅಪಧಮನಿಯು ಕವಲೊಡೆಯುವ ಸ್ಥಳದಲ್ಲಿ ಅದರ ಗೋಡೆಯು ತುಸು ಉಬ್ಬಿದೆ. ರಕ್ತದ ಒತ್ತಡವನ್ನು ಅಳೆಯುವ ನರತಂತುಗಳು ಅಲ್ಲಿ ಸೇರಿಕೊಂಡಿವೆ. ಹೊರಗಿನಿಂದ ಬೆರಳು ಒತ್ತಿದರೆ, ಒಳಗೆ ರಕ್ತದ ಒತ್ತಡವೇ ಏರಿತೆಂದು ಅವು ಮಿದುಳಿಗೆ ಸುದ್ದಿ ಕಳುಹಿಸುತ್ತವೆ. ಮಿದುಳು ವೇಗಸ್ ನರದ ಮೂಲಕ ಹೃದಯದ ಬಡಿತವನ್ನು ತಗ್ಗಿಸುತ್ತದೆ, ರಕ್ತನಾಳಗಳು ಸಡಿಲವಾಗುತ್ತವೆ. ಮಿದುಳಿಗೆ ರಕ್ತವು ಸಾಲದೆ ಮನುಷ್ಯನು ಎಚ್ಚರ ತಪ್ಪುತ್ತಾನೆ. ಮುದುಕರಲ್ಲಿ ಈ ಗುಣವು ಹೆಚ್ಚು. ಮೇಲಾಗಿ ಅವರ ನಾಳದ ಒಳಗೋಡೆಗೆ ಕಟ್ಟಿಕೊಂಡ ಜಿಡ್ಡು ಕಿತ್ತು ಮಿದುಳಿಗೆ ಹೋದರೆ ಪಕ್ಷವಾತವೂ ಆಗಬಹುದು. ಹೃದಯದ ಓಟವನ್ನು ತಡೆಯುವುದಕ್ಕಾಗಿ ವೈದ್ಯರೇ ಕೆಲವೊಮ್ಮೆ ಇಲ್ಲಿ ತಿಕ್ಕುವುದುಂಟು; ಆದರೆ ನಾಳವನ್ನು ಮೊದಲು ಪರೀಕ್ಷಿಸಿ, ಒಂದೇ ಪಕ್ಕದಲ್ಲಿ. ಯವನ ವೈದ್ಯರಿಗೂ ಈ ಸಂಗತಿಯು ತಿಳಿದಿತ್ತು. ಯೂರೋಪಿನ ಭಾಷೆಗಳಲ್ಲಿ ಈ ಅಪಧಮನಿಗಿರುವ ಕ್ಯಾರೋಟಿಡ್ ಎಂಬ ಹೆಸರು, ಜಡನಿದ್ರೆ ಎಂಬರ್ಥದ ಅವರ ‘ಕಾರೋಸ್’ ಎಂಬ ಶಬ್ದದಿಂದ ಬಂದದ್ದು. ಹೆಸರಿನಲ್ಲಿಯೇ ಎಚ್ಚರಿಕೆಯನ್ನು ಇಟ್ಟಿದ್ದಾರೆ. ನನ್ನ ‘ಕುತ್ತಿಗೆಯ ನರ’ದಲ್ಲಿ ಅಂಥದೇನೂ ಇರಲಿಲ್ಲ.

ಸುಶ್ರುತನಲ್ಲಿಯಾದರೋ ಎಚ್ಚರಿಕೆಯು ಸಾಕಷ್ಟಿದೆ. ಶರೀರದ 107 ಮರ್ಮಗಳಲ್ಲಿ 37 ಜತ್ರುವಿಗಿಂತ ಮೇಲಿವೆ. ಅವುಗಳಲ್ಲಿ ಕಂಠನಾಡಿಯ ಎರಡು ಪಕ್ಕಗಳಲ್ಲಿ ಎರಡು ನೀಲೆಗಳು, ಎರಡು ಮನ್ಯೆಗಳು, ಹೀಗೆ ನಾಲ್ಕು ಧಮನಿಗಳು ವ್ಯತ್ಯಾಸಕ್ರಮದಲ್ಲಿ ಇವೆ ಎನ್ನುವನು. ಅಂದರೆ ಒಂದೊಂದು ಪಕ್ಕಕ್ಕೆ ಒಂದು ನೀಲೆ, ಒಂದು ಮನ್ಯೆ. ಇವುಗಳಿಗೆ ಪೆಟ್ಟಾದರೆ ಮೂಕತ್ವ, ಸ್ವರವಿಕಾರ, ರುಚಿ ತಿಳಿಯದಿರುವಿಕೆ ಎಂಬ ಮೂರು ಫಲಗಳು. ಗ್ರೀವೆಯ ಒಂದೊಂದು ಪಕ್ಕದಲ್ಲಿ ನಾಲ್ಕು ನಾಲ್ಕರಂತೆ ಎಂಟು ಸಿರಾಮಾತೃಕೆಗಳು. ಅವು ಒಡೆದರೆ ಕೂಡಲೇ ಮರಣ. ತಲೆಯೂ ಗ್ರೀವೆಯೂ ಕೂಡುವಲ್ಲಿ ಎರಡು ಕೃಕಾಟಿಕೆಗಳು. ಅವು ಕೆಟ್ಟರೆ ತಲೆಯು ಅಲ್ಲಾಡುತ್ತಿರುವುದು. ಕಿವಿಯ ಹಿಂದೆ ಕೆಳಗಡೆ ಎರಡು ವಿಧುರಗಳು. ಅವುಗಳ ಪೆಟ್ಟಿನಿಂದ ಕಿವುಡು. ಮುಂದಿನ ಅಧ್ಯಾಯದಲ್ಲಿ ಸಿರೆಗಳನ್ನು ಎಣಿಸುವಾಗ, ಗ್ರೀವೆಯಲ್ಲಿರುವ 56ರಲ್ಲಿ 16ನ್ನು ಚುಚ್ಚಲೇಬಾರದೆಂದು ವಿಧಿಸುವನು. ಆ 16ರ ಲೆಕ್ಕವನ್ನು ಬಿಡಿಸಿದರೆ ಮಾತೃಕೆಗಳು 8, ನೀಲೆ ಮನ್ಯೆಗಳು 4, ಕೃಕಾಟಿಕೆಗಳಲ್ಲಿ 2, ವಿಧುರಗಳಲ್ಲಿ 2. ಮನ್ಯೆಯು ಮುಟ್ಟಬಾರದ ಪಟ್ಟಿಯಲ್ಲಿದೆ ಎಂಬುದು ಇದರಿಂದ ಸ್ಪಷ್ಟ. ಈ ಅಧ್ಯಾಯವನ್ನು ನಾನು ಪಾಠಮಾಡಿರಲಿಲ್ಲ. ಲೆಕ್ಕದ ಭಾಗವು ಶುಷ್ಕವೆಂದು ಬಿಟ್ಟಿದ್ದೆನು.

ಇಲ್ಲಿ ಗಮನಿಸತಕ್ಕ ವಿಶೇಷವೊಂದುಂಟು. ಮನ್ಯೆಯು ಬರಿಯ ರಕ್ತದ ನಾಳವಾಗಿದ್ದರೆ ಅದಕ್ಕೆ ಪೆಟ್ಟಾದಾಗ ರಕ್ತಸ್ರಾವವನ್ನೋ ಮರಣವನ್ನೋ ಹೇಳಬೇಕಾಗಿತ್ತು. ಸುಶ್ರುತನು ಹೇಳುವುದು ದನಿಯ ಮತ್ತು ನಾಲಗೆಯ ಕೇಡನ್ನು. ದನಿ ಕೆಡುವುದೇಕೆ? ಅದೇ ಒರೆಯಲ್ಲಿರುವ ವೇಗಸ್ ನರವು ದನಿಪೆಟ್ಟಿಗೆಗೆ ಶಾಖೆಗಳನ್ನು ಕೊಡುತ್ತದೆ. ಅವುಗಳಲ್ಲಿ ಮುಖ್ಯವಾದುದು ಎದೆಯ ಕಡೆಗೆ ಇಳಿದು, ಎಡಗಡೆಯಲ್ಲಿ ಮಹಾಧಮನಿಯ ಕಮಾನನ್ನೂ ಬಲಗಡೆಯಲ್ಲಿ ತೋಳಿಗೆ ಹೋಗುವ ಅಪಧಮನಿಯನ್ನೂ ಸುತ್ತಿ, ಮರಳಿ ಕಂಠನಾಡಿಯ ಪಕ್ಕದಿಂದ ಮೇಲೇರಿ ಬರುತ್ತದೆ. ಎರಡನೆಯ ಶತಮಾನದಲ್ಲಿ ಗ್ಯಾಲೆನನು ರೋಮ್ ನಗರದಲ್ಲಿ, ಕಿರಿಚುತ್ತಿರುವ ಹಂದಿಯ ಈ ನರವನ್ನು ಕಟ್ಟಿ, ದನಿಯು ಅಡಗಿದ್ದನ್ನು ನೆರೆದವರಿಗೆ ತೋರಿಸಿದನು. ಮಾತು ಕೆಡುವುದೇಕೆ? ನಾಲಗೆಯನ್ನು ಆಡಿಸುವ ನರವು ಅಪಧಮನಿಯ ಕವಲುಗಳ ಮುಂದೆಯೇ ಅಡ್ಡ ಹಾಯುತ್ತದೆ. ರುಚಿಯು ಹೋಗುವುದೇಕೆ? ನಾಲಗೆಯ ಹಿಂಭಾಗದ ರುಚಿಯನ್ನು ಒಯ್ಯುವ ನರವು ಇನ್ನೂ ಸ್ವಲ್ಪ ಮೇಲೆ ಅವೇ ಎರಡು ಕವಲುಗಳ ನಡುವಿನಿಂದ ನುಸುಳುತ್ತದೆ. ಮೂರು ಫಲಗಳಿಗೂ ಕಾರಣವಾದ ಮೂರು ನರಗಳು ಇಲ್ಲಿ ಹತ್ತಿರ ಹತ್ತಿರ ಕೂಡುತ್ತವೆ.

ಸುಶ್ರುತನಿಗೆ ಈ ನರಗಳು ಪ್ರತ್ಯೇಕವಾಗಿ ಕಂಡಿದ್ದುವೆಂದು ನಾನು ಹೇಳಲಾರೆನು. ಹಾಗೆ ಹೇಳುವುದು ಅಭಿಮಾನವಾಗುವುದೇ ಹೊರತು ವಿಚಾರವಾಗುವುದಿಲ್ಲ. ಅವನ ಶವಪರೀಕ್ಷೆಯ ಕ್ರಮವು, ಹೆಣವನ್ನು ಹುಲ್ಲಿನಿಂದ ಸುತ್ತಿ ಪಂಜರದಲ್ಲಿಟ್ಟು, ಏಳು ರಾತ್ರಿ ಹರಿಯುವ ನೀರಿನಲ್ಲಿ ಕೊಳೆಯಿಸಿ, ಆಮೇಲೆ ಕೂರ್ಚದಿಂದ ಮೆಲ್ಲನೆ ತಿಕ್ಕಿ ಪದರಪದರವಾಗಿ ನೋಡುವುದು. ಎಲುಬು ಕೀಲುಗಳಿಗೆ ಇದು ತಕ್ಕ ಉಪಾಯ. ನೂಲಿನಂಥ ನರಗಳಿಗೆ ಅಲ್ಲ. ಎಲುಬುಗಳಲ್ಲಿಯೂ ಎಲ್ಲವೂ ಹೊಂದುವುದಿಲ್ಲ: ಗ್ರೀವೆಗೆ ಸುಶ್ರುತನು 9 ಎಲುಬುಗಳನ್ನೂ ಚರಕನು 15ನ್ನೂ ಹೇಳಿದರೆ, ಈಗ ಎಣಿಸಿದಾಗ ಸಿಕ್ಕುವ ಮಣಿಗಳು 7. ಆದಕಾರಣ ಮರ್ಮಾಧ್ಯಾಯದ ಜ್ಞಾನವು ಹೆಣದಿಂದ ಬಂದುದಕ್ಕಿಂತ ಹೆಚ್ಚಾಗಿ ಗಾಯಗೊಂಡು ಬದುಕಿ ಉಳಿದವರನ್ನು ನೋಡಿದ್ದರಿಂದ ಬಂದುದೆಂದು ನನಗೆ ತೋರುತ್ತದೆ. ಬಾಣವೋ ಕತ್ತಿಯೋ ಅಲ್ಲಿ ತಗಲಿದವನು ಸಾಯದೆ ಉಳಿದರೆ ಅವನ ದನಿಯು ಕೆಟ್ಟಿರುವುದು, ನಾಲಗೆಯು ತೊದಲುವುದು. ಕಂಡದ್ದನ್ನು ಬರೆದನು, ಅಲ್ಲಿ ಮುಟ್ಟಿದರೆ ತಿಳಿಯುವ ಬಡಿಯುವ ನಾಳವನ್ನು ಗುರುತಾಗಿ ಹೇಳಿದನು. ಈ ಮರ್ಮಗಳ ಅಳತೆಯನ್ನು ಹೇಳುವಾಗ ಮಡಿಸಿದ ಅಂಗೈಯಷ್ಟು ಎಂದಿರುವುದು ನನ್ನ ಊಹೆಗೆ ಬಲವನ್ನು ಕೊಡುತ್ತದೆ. ನಾಳವು ಅಷ್ಟು ಅಗಲವಿರಲಾರದು, ಸ್ಥಳವು ಇರಬಹುದು. ನೀಲೆ ಮನ್ಯೆಗಳು ಕೊಳವೆಗಳ ಹೆಸರೆನ್ನುವುದಕ್ಕಿಂತ ಠಾವಿನ ಹೆಸರೆನ್ನುವುದು ಯುಕ್ತ.

ಆಧುನಿಕರು ಕೆಲವರು ಮನ್ಯೆಯನ್ನು ಅಪಧಮನಿಯೆಂದೂ ಕೆಲವರು ಅಭಿಧಮನಿಯೆಂದೂ ಸಾಧಿಸಹೊರಟು ಒಬ್ಬರೊಬ್ಬರನ್ನು ಖಂಡಿಸುವುದುಂಟು. ನೀಲವರ್ಣದಿಂದ ನೀಲೆಯು ಚರ್ಮದೊಳಗಿಂದ ಕಾಣುವ ಅಭಿಧಮನಿಯಾಗಬೇಕೆಂಬುದು ಒಂದು ಯುಕ್ತಿ. ನಮ್ಮ ಕಡೆಯ ಯಕ್ಷಗಾನದಲ್ಲಿ ಭಾಗವತರು ಏರುಶ್ರುತಿಯಲ್ಲಿ ಪದವನ್ನೆತ್ತಿದಾಗ ಹುರಿಯ ಮೇಲೆ ಅಡ್ಡಲಾಗಿ ಉಬ್ಬಿ ನಿಲ್ಲುವ ಆ ನೀಲಿ ಗೆರೆಯನ್ನು ಎದುರು ಕುಳಿತವರೆಲ್ಲ ಕಂಡಿದ್ದಾರೆ. ಆದರೆ ಅದು ಚರ್ಮದ ಕೆಳಗೇ ಇದ್ದು ದನಿಗೆ ಸಂಬಂಧಿಸಿದ್ದಲ್ಲ. ಅದು ಕಡಿದರೆ ಮೂಕತ್ವವು ಬರುವುದಿಲ್ಲ. ಹೀಗೆ ಬಣ್ಣವನ್ನು ಹಿಡಿದರೆ ಫಲವು ತಪ್ಪುತ್ತದೆ, ಫಲವನ್ನು ಹಿಡಿದರೆ ಬಣ್ಣವು ತಪ್ಪುತ್ತದೆ. ನಾನು ಫಲವನ್ನು ಹಿಡಿಯುವ ಪಕ್ಷದವನು.

ಹಾಗಾದರೆ ಅಮರನ ಗತಿಯೇನು? ಹಿಂಭಾಗದ ಸಿರೆ ಎಂಬಲ್ಲಿ ‘ಹಿಂಭಾಗ’ವನ್ನು ಕಂಠನಾಡಿಗೆ ಹಿಂದೆ ಎಂದು ಬಗೆದರೆ ಸುಶ್ರುತನೊಡನೆ ವಿರೋಧವು ಕಡಿಮೆಯಾಗುತ್ತದೆ. ಈ ಸಮಾಧಾನವು ನನಗೆ ಬಹುಕಾಲ ಪ್ರಿಯವಾಗಿತ್ತು. ಆದರೆ ಮನ್ಯಾಸ್ತಂಭವು ಇದಕ್ಕೆ ಅಡ್ಡಬರುತ್ತದೆ. ಆ ರೋಗಕ್ಕೆ ಸುಶ್ರುತನೇ ನಿದಾನಸ್ಥಾನದಲ್ಲಿ ಕೊಡುವ ಕಾರಣಗಳು ಹಗಲುನಿದ್ದೆ, ಕೂಡುವ ನಿಲ್ಲುವ ರೀತಿಯ ದೋಷ, ಮೇಲಕ್ಕೆ ನೋಡುವುದು. ತೋಟದಲ್ಲಿ ಮುಗಿಲು ನೋಡುತ್ತ ನಿಂತ ನೆರೆಯವರ ಕಥೆಯೇ ಇದು. ಇಲ್ಲಿ ಸೆಟೆಯುವುದು ಹೆಡಕಿನಿಂದ ಹೆಗಲಿಗೆ ಇಳಿಯುವ ಪೇಶಿಗಳು ಮತ್ತು ಪಕ್ಕದ ಹುರಿ. ಕಂಠನಾಡಿಯ ಬಳಿಯ ನಾಳಗಳಲ್ಲ. ಆದ್ದರಿಂದ ಒಂದೇ ಸಂಹಿತೆಯಲ್ಲಿ ರೋಗದ ಹೆಸರಿನ ಮನ್ಯೆಯು ಹಿಂದಣ ಪಕ್ಕಕ್ಕೂ ಮರ್ಮದ ಹೆಸರಿನ ಮನ್ಯೆಯು ಮುಂದಣ ಪಕ್ಕಕ್ಕೂ ಸಲ್ಲುತ್ತದೆಂದು ಒಪ್ಪಬೇಕು. ಅಮರನು ಮೊದಲನೆಯದನ್ನು ಸಂಗ್ರಹಿಸಿದನು. ಅವನೂ ತಪ್ಪಿಲ್ಲ, ವೈದ್ಯನೂ ತಪ್ಪಿಲ್ಲ.

ಶರೀರಶಬ್ದಗಳು ಹೀಗೆ ಜಾಗವನ್ನು ಬದಲಿಸುವುದು ಅಪೂರ್ವವಲ್ಲ. ಜತ್ರು ಎಂಬುದನ್ನೇ ನೋಡಬಹುದು. ಅಮರನಿಗೆ ಅದು ಹೆಗಲಿನ ಸಂಧಿ. ಈಗಿನ ಪಂಡಿತರು ಕೊರಳೆಲುಬು ಎನ್ನುವರು. ಭಾರತೀಯ ಅಸ್ಥಿಶಾರೀರವನ್ನು ಕುರಿತು 1907ರಲ್ಲಿ ಆಕ್ಸ್‌ಫರ್ಡಿನಿಂದ ಗ್ರಂಥವನ್ನು ಪ್ರಕಟಿಸಿದ ಹರ್ನ್‌ಲೆ ಪಂಡಿತರು, ಹಳೆಯ ವೈದ್ಯಗ್ರಂಥಗಳಲ್ಲಿ ಅದು ಕಂಠನಾಡಿಯ ಮೆತ್ತೆಲುಬುಗಳಿಗೆ ಸಲ್ಲುತ್ತಿತ್ತೆಂದೂ ಕೊರಳೆಲುಬು ಎಂಬ ಅರ್ಥವು ಆಮೇಲಿನದೆಂದೂ ವಾದಿಸಿದರು. ಕನ್ನಡದಲ್ಲಿ ನಮ್ಮ ಕಣ್ಣೆದುರಿಗೇ ಇದು ನಡೆದಿದೆ. ಸುಶ್ರುತನ ‘ಸ್ನಾಯು’ ಎಲುಬು ಕೀಲುಗಳನ್ನು ಬಿಗಿಯುವ ಕಟ್ಟು. ಮಾಂಸಖಂಡಕ್ಕೆ ಅವನು ‘ಪೇಶಿ’ ಎನ್ನುವನು. ನಮ್ಮ ಶಾಲಾಪುಸ್ತಕಗಳಲ್ಲಿ ಮಾಂಸಖಂಡವೇ ಸ್ನಾಯುವಾಗಿ ಕುಳಿತಿದೆ. ‘ನರ’ವಂತೂ ಊರಿನ ಬಾಯಲ್ಲಿ ರಕ್ತನಾಳ, ಕಟ್ಟು, ತಂತು ಎಲ್ಲವೂ ಹೌದು, ಪುಸ್ತಕದಲ್ಲಿ ಮಾತ್ರ ಸುದ್ದಿ ಒಯ್ಯುವ ತಂತು. ನರ ಉಬ್ಬಿತು, ನರ ಎಳೆಯಿತು, ನರದೌರ್ಬಲ್ಯ ಎಂಬ ಮೂರು ಮಾತುಗಳಲ್ಲಿ ಮೂರು ಬೇರೆ ವಸ್ತುಗಳಿವೆ. ಇಂಥ ಪದವನ್ನು ಮರ್ಮವೊಂದಕ್ಕೆ ಅರ್ಥವಾಗಿ ಬರೆಯಿಸಿದವನು ಅರ್ಥವನ್ನು ಹೇಳಿದಂತಾಗಲಿಲ್ಲ.

ಅಮರಕೋಶಕ್ಕೆ ಕನ್ನಡದಲ್ಲಿ ಟೀಕೆ ಬರೆದ ನಾಚಿರಾಜನಿಂದ ಹಿಡಿದು ಇಂದಿನ ಪಠ್ಯಪುಸ್ತಕದ ಟಿಪ್ಪಣಿಕಾರರವರೆಗೆ ಎಲ್ಲರ ಕೆಲಸವೂ ಒಂದು ಪದಕ್ಕೆ ಎದುರಾಗಿ ಇನ್ನೊಂದು ಪದವನ್ನು ಇಡುವುದು. ಶರೀರದ ವಿಷಯದಲ್ಲಿ ಅದು ಸಾಲದು, ಠಾವನ್ನು ತೋರಿಸಬೇಕು. ಅದಕ್ಕೆ ಬೇಕಾದ ಪದಗಳು ನಮ್ಮ ಮನೆಯಲ್ಲಿಯೇ ಇವೆ. ಮೊಮ್ಮಗನ ಪುಸ್ತಕವನ್ನು ಕೇಳಿ ತೆಗೆದುಕೊಂಡು ನಾನು ತಿದ್ದಿಕೊಟ್ಟದ್ದು ಹೀಗೆ: ‘ಮನ್ಯಾ (ಮರ್ಮ): ಗಂಟಲಿನ ಪಕ್ಕದಲ್ಲಿ, ಓರೆಹುರಿಗೆ ಮುಂದೆ, ದವಡೆಯ ಕೆಳಗೆ ನಾಡಿ ಬಡಿಯುವ ಜಾಗ; ಒತ್ತಬಾರದು. ಮನ್ಯಾ (ಸ್ತಂಭರೋಗದಲ್ಲಿ): ಹೆಡಕು ಮತ್ತು ಕುತ್ತಿಗೆಯ ಹಿಂದಣ ಪಕ್ಕ.’ ಅವನು ಅದನ್ನು ಓದಿ, ‘ಭಟ್ಟರೆ, ನೀಲಾ ಎಲ್ಲಿ?’ ಎಂದು ಕೇಳಿದನು. ಅದಕ್ಕೆ ಎದುರಾಗಿ ನಾನು ಬರೆದದ್ದು ‘ಮನ್ಯೆಯ ಜೊತೆ, ಸ್ಥಾನವು ವಿಚಾರಣೀಯ’ ಎಂದು ಮಾತ್ರ.